ಮಹಾಪಧಮನಿಯ ಊತಕ್ಕೆ ಬಟ್ಟೆಯ ಕೊಳವೆ: ಎದೆಯೊಳಗಿನ ಅನ್ಯೂರಿಸಂ ಶಸ್ತ್ರಚಿಕಿತ್ಸೆ ನಡೆಯುವ ಬಗೆ

ಎದೆಯೊಳಗಿನ ದೊಡ್ಡ ರಕ್ತನಾಳ ಊದಿಕೊಂಡಿದೆ, ಊದಿದ ಭಾಗವನ್ನು ಕತ್ತರಿಸಿ ತೆಗೆದು ಆ ಜಾಗಕ್ಕೆ ಪಾಲಿಯೆಸ್ಟರ್ ನೂಲಿನಿಂದ ನೇಯ್ದ ಕೊಳವೆಯನ್ನು ಹೊಲಿಯಬೇಕು ಎಂದು ಬೆಂಗಳೂರಿನ ವೈದ್ಯರು ಹೇಳಿದಾಗ, ಶಿಡ್ಲಘಟ್ಟದಿಂದಲೋ ಚಿಂತಾಮಣಿಯಿಂದಲೋ ಹೋದ ಮನೆಯವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಬಟ್ಟೆಯೊಳಗೆ ರಕ್ತ ಸೋರದೆ ನಿಲ್ಲುತ್ತದೆಯೇ? ನೋವಿಲ್ಲದೆ ಓಡಾಡಿಕೊಂಡಿರುವ ಮನುಷ್ಯನಿಗೆ ಇಷ್ಟು ದೊಡ್ಡ ಆಪರೇಷನ್ ಏಕೆ ಬೇಕು? ಎರಡೂ ನ್ಯಾಯವಾದ ಪ್ರಶ್ನೆಗಳು. ಮೊದಲನೆಯದಕ್ಕೆ ಎಪ್ಪತ್ತು ವರ್ಷಗಳ ಅನುಭವ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಉತ್ತರ ಸ್ಕ್ಯಾನ್ ವರದಿಯಲ್ಲಿರುವ ಒಂದು ಅಳತೆಯಲ್ಲಿದೆ. ರೋಗಿಯ ಹಣೆಬರಹದ ಬಹುಪಾಲು ಆ ಅಳತೆಯನ್ನು ಯಾವಾಗ ತೆಗೆದರು, ತೆಗೆದ ಮೇಲೆ ಏನು ಮಾಡಿದರು ಎಂಬುದರಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯವಾದ್ದರಿಂದ, ಶಸ್ತ್ರಚಿಕಿತ್ಸೆಯ ವಿವರಕ್ಕೆ ಹೋಗುವ ಮುನ್ನ ಅದನ್ನೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೃದಯದ ಎಡ ಭಾಗದಿಂದ ಹೊರಡುವ ಮಹಾಪಧಮನಿ ದೇಹದ ಅತಿ ದೊಡ್ಡ ರಕ್ತನಾಳ. ಅದು ಮೊದಲು ಕುತ್ತಿಗೆಯ ಕಡೆಗೆ ಏರುತ್ತದೆ, ಅಲ್ಲಿ ಕಮಾನಿನಂತೆ ಬಾಗುತ್ತದೆ, ಆಮೇಲೆ ಬೆನ್ನೆಲುಬಿನ ಪಕ್ಕದಲ್ಲಿ ಇಳಿದು, ಎದೆ-ಹೊಟ್ಟೆಗಳ ನಡುವಿನ ವಪೆಯನ್ನು ದಾಟಿ ಹೊಟ್ಟೆಯೊಳಕ್ಕೆ ಹೋಗುತ್ತದೆ. ಏರುವ ಭಾಗದ ಬುಡದಲ್ಲಿ ಮೂರು ಎಸಳಿನ ಕವಾಟವೂ, ಹೃದಯಕ್ಕೇ ರಕ್ತ ಕೊಡುವ ಎರಡು ಕೊರೊನರಿ ನಾಳಗಳ ಬಾಯಿಗಳೂ ಇವೆ. ಕಮಾನಿನಿಂದ ಮೆದುಳಿಗೂ ತೋಳುಗಳಿಗೂ ಹೋಗುವ ಕವಲುಗಳು ಒಡೆಯುತ್ತವೆ. ಇಳಿಯುವ ಭಾಗದಿಂದ ಪಕ್ಕೆಲುಬುಗಳ ನಡುವಿನ ಸಣ್ಣ ಕವಲುಗಳು ಹೊರಟು, ಅವುಗಳಲ್ಲಿ ಕೆಲವು ಬೆನ್ನುಹುರಿಗೆ ರಕ್ತ ಒಯ್ಯುತ್ತವೆ. ಈ ಮೂರು ಭಾಗಗಳ ಕವಲುಗಳು ಬೇರೆ ಬೇರೆಯಾಗಿರುವುದರಿಂದಲೇ ಮೂರರ ಶಸ್ತ್ರಚಿಕಿತ್ಸೆಗಳೂ ಬೇರೆ ಬೇರೆಯಾಗಿವೆ.

ವಯಸ್ಕರಲ್ಲಿ ಏರುವ ಭಾಗದ ವ್ಯಾಸ ಸಾಮಾನ್ಯವಾಗಿ 3ರಿಂದ 3.5 ಸೆಂಟಿಮೀಟರ್, ಇಳಿಯುವ ಭಾಗದ್ದು 2ರಿಂದ 2.5 ಸೆಂಟಿಮೀಟರ್. ಇರಬೇಕಾದ ಅಳತೆಯ ಒಂದೂವರೆ ಪಟ್ಟು ಹಿಗ್ಗಿದರೆ ಅದನ್ನು ಅನ್ಯೂರಿಸಂ ಎನ್ನುತ್ತಾರೆ. ನಾಳದ ಗೋಡೆಗೆ ಮೂರು ಪದರಗಳಿವೆ. ನಡುವಿನ ಪದರದಲ್ಲಿ ಹಿಗ್ಗಿ ಕುಗ್ಗುವ ಎಲಾಸ್ಟಿನ್ ಎಳೆಗಳೂ, ಬಿಗಿ ಕೊಡುವ ಕೊಲಾಜನ್ ಎಳೆಗಳೂ, ನುಣುಪು ಸ್ನಾಯುಕೋಶಗಳೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅಷ್ಟೂ ಸಲ ಈ ಗೋಡೆ ಹಿಗ್ಗಿ ಮತ್ತೆ ಮೊದಲಿನ ಸ್ಥಿತಿಗೆ ಬರಬೇಕು. ಎಳೆಗಳು ಸವೆದಾಗ ಹಿಗ್ಗುವುದು ಮಾತ್ರ ಉಳಿಯುತ್ತದೆ, ಹಿಂದಿರುಗುವುದು ನಿಲ್ಲುತ್ತದೆ.

ನಮ್ಮ ಬಯಲುಸೀಮೆಯ ತೋಟಗಳಲ್ಲಿ ಬಿಸಿಲಿಗೆ ಬೆಂದ ಡ್ರಿಪ್ ಪೈಪು ಬೋರ್‌ವೆಲ್ ಮೋಟಾರ್ ಹಾಕಿದಾಗ ಒಂದೆಡೆ ಉಬ್ಬಿಕೊಳ್ಳುವುದನ್ನು ರೈತರೆಲ್ಲ ನೋಡಿರುತ್ತಾರೆ. ಒಮ್ಮೆ ಉಬ್ಬಿದ ಜಾಗ ಮತ್ತೆ ಕುಗ್ಗುವುದಿಲ್ಲ, ಮುಂದೆ ಒಡೆಯುವುದೂ ಅಲ್ಲೇ. ಇದರ ಹಿಂದಿರುವ ಭೌತಶಾಸ್ತ್ರದ ನಿಯಮವನ್ನು ಲಾಪ್ಲಾಸ್ ನಿಯಮ ಎನ್ನುತ್ತಾರೆ: ಕೊಳವೆಯ ಗೋಡೆಯ ಮೇಲೆ ಬೀಳುವ ಎಳೆತವು ಒಳಗಿನ ಒತ್ತಡಕ್ಕೂ ಕೊಳವೆಯ ತ್ರಿಜ್ಯಕ್ಕೂ ತಕ್ಕಂತೆ ಏರುತ್ತದೆ, ಗೋಡೆ ತೆಳ್ಳಗಾದಷ್ಟೂ ಇನ್ನಷ್ಟು ಏರುತ್ತದೆ. ಮಹಾಪಧಮನಿ ಊದಿದಾಗ ತ್ರಿಜ್ಯ ಹೆಚ್ಚುತ್ತದೆ, ಗೋಡೆ ತೆಳ್ಳಗಾಗುತ್ತದೆ, ಅದರ ಜೊತೆಗೆ ರಕ್ತದೊತ್ತಡವೂ ಹೆಚ್ಚಿದ್ದರೆ ಮೂರೂ ಸೇರಿ ಗೋಡೆಯನ್ನು ಎಳೆಯುತ್ತವೆ. ಊತವೇ ಮುಂದಿನ ಊತಕ್ಕೆ ಕಾರಣವಾಗುತ್ತದೆ. ಮಾತ್ರೆಗಳು ಒತ್ತಡವನ್ನು ತಗ್ಗಿಸಿ ಈ ಗತಿಯನ್ನು ನಿಧಾನಗೊಳಿಸಬಲ್ಲವು, ಆದರೆ ಹಿಗ್ಗಿದ ನಾಳವನ್ನು ಮೊದಲಿನ ಅಳತೆಗೆ ತರುವ ಔಷಧಿ ಇಲ್ಲ.

ಗೋಡೆ ಸವೆಯುವುದಕ್ಕೆ ಕಾರಣಗಳು ಹಲವು. ಹತೋಟಿಗೆ ಬಾರದ ಬಿ.ಪಿ., ಬೀಡಿ-ಸಿಗರೇಟು ಮತ್ತು ವಯಸ್ಸು ಸಾಮಾನ್ಯ ಕಾರಣಗಳು. ನೂರರಲ್ಲಿ ಒಬ್ಬರಿಂದ ಇಬ್ಬರಿಗೆ ಹುಟ್ಟಿನಿಂದಲೇ ಮಹಾಪಧಮನಿಯ ಕವಾಟದಲ್ಲಿ ಮೂರರ ಬದಲು ಎರಡೇ ಎಸಳಿರುತ್ತವೆ. ಇಂಥವರಲ್ಲಿ ಏರುವ ಭಾಗ ಊದುವುದು ಹೆಚ್ಚು. ಭಾರತದ ಯುವತಿಯರಲ್ಲಿ ಟಕಯಾಸು ಎಂಬ ನಾಳದ ಉರಿಯೂತವೂ ಗಮನಿಸಬೇಕಾದ ಕಾರಣ. ಆನುವಂಶಿಕ ಕಾರಣಗಳಲ್ಲಿ ಹೆಚ್ಚು ಪರಿಚಿತವಾದದ್ದು ಮಾರ್ಫಾನ್ ಸಿಂಡ್ರೋಮ್. ಸುಮಾರು 5,000 ಮಂದಿಯಲ್ಲಿ ಒಬ್ಬರಿಗೆ ಇರುವ ಈ ತೊಂದರೆಯಲ್ಲಿ ವ್ಯಕ್ತಿ ಎತ್ತರವಾಗಿ, ನೀಳ ಬೆರಳುಗಳವರಾಗಿ ಇರುತ್ತಾರೆ, ಕಣ್ಣಿನ ಮಸೂರ ಜರುಗಿರುವುದೂ ಉಂಟು. ನಮ್ಮ ಜಿಲ್ಲೆಗಳಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇರುವುದರಿಂದ, ಮಗುವಿಗೆ ಮಾರ್ಫಾನ್ ಎಂದೊಡನೆ ರಕ್ತಸಂಬಂಧದ ಮದುವೆಯನ್ನು ದೂರುವುದು, ತಾಯಿಯನ್ನು ನೋಯಿಸುವುದು ನಡೆಯುತ್ತದೆ. ಮಾರ್ಫಾನ್‌ನ ಮಟ್ಟಿಗೆ ಆ ದೂರು ತಪ್ಪು. ತಂದೆ ಅಥವಾ ತಾಯಿ ಒಬ್ಬರಲ್ಲಿ ದೋಷವಿರುವ ಜೀನ್ ಇದ್ದರೆ ಸಾಕು, ಸಂಬಂಧದಲ್ಲಿ ಮದುವೆಯಾಗಿರಲಿ ಬಿಡಲಿ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಸುಮಾರು ನಾಲ್ವರಲ್ಲಿ ಒಬ್ಬ ರೋಗಿಯಲ್ಲಿ ತಂದೆ-ತಾಯಿ ಇಬ್ಬರಲ್ಲೂ ಇಲ್ಲದ ದೋಷ ಹೊಸದಾಗಿ ಹುಟ್ಟಿಕೊಂಡಿರುತ್ತದೆ.

ಈ ಕಾಯಿಲೆಯ ದೊಡ್ಡ ಕಷ್ಟವೆಂದರೆ ಅದರ ಮೌನ. ಕಣ್ಣಿನ ಪೊರೆಯ ಅಥವಾ ಹರ್ನಿಯಾ ಆಪರೇಷನ್‌ಗೆ ಮುಂಚೆ ತೆಗೆದ ಎದೆಯ ಎಕ್ಸ್‌ರೇಯಲ್ಲಿ ನೆರಳು ಅಗಲವಾಗಿ ಕಂಡು, ಅಥವಾ ಬೇರೆ ಕಾರಣಕ್ಕೆ ಮಾಡಿದ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಅಳತೆ ಹೆಚ್ಚಾಗಿ ಬಂದು, ಆಕಸ್ಮಿಕವಾಗಿ ಪತ್ತೆಯಾಗುವುದೇ ಹೆಚ್ಚು. ಊತ ದೊಡ್ಡದಾದಾಗ ಅಕ್ಕಪಕ್ಕದ ಅಂಗಗಳನ್ನು ಒತ್ತುತ್ತದೆ: ಕಮಾನಿನ ಕೆಳಗೆ ಸುತ್ತಿ ಹೋಗುವ ನರ ಸಿಕ್ಕಿಕೊಂಡರೆ ಧ್ವನಿ ಒಡೆಯುತ್ತದೆ, ಅನ್ನನಾಳ ಒತ್ತಿಕೊಂಡರೆ ನುಂಗಲು ಕಷ್ಟವಾಗುತ್ತದೆ, ಶ್ವಾಸನಾಳ ಒತ್ತಿಕೊಂಡರೆ ಕೆಮ್ಮು ಬಿಡುವುದಿಲ್ಲ. ವಾರಗಟ್ಟಲೆ ಧ್ವನಿ ಒಡೆದಿರುವವರಿಗೆ ಗಂಟಲು ಮಾತ್ರ ನೋಡಿ ಕಳಿಸದೆ ಎದೆಯ ಚಿತ್ರವನ್ನೂ ತೆಗೆಯಬೇಕು ಎನ್ನುವುದು ಇದಕ್ಕಾಗಿಯೇ. ಎಕೋದಲ್ಲಿ ನಾಳದ ಬುಡ ಮತ್ತು ಏರುವ ಭಾಗದ ಆರಂಭ ಚೆನ್ನಾಗಿ ಕಾಣುತ್ತದೆ, ಉಳಿದದ್ದು ಅಷ್ಟಾಗಿ ಕಾಣುವುದಿಲ್ಲ. ಆದ್ದರಿಂದ ಪೂರ್ತಿ ಅಳತೆಗೆ ಸಿ.ಟಿ. ಆಂಜಿಯೋಗ್ರಾಂ ಬೇಕು. ಅದರಲ್ಲಿ ಕೈಯ ನಾಳಕ್ಕೆ ಬಣ್ಣದ ಔಷಧಿ ಕೊಡುವುದರಿಂದ ಮೊದಲು ಕಿಡ್ನಿಯ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ ಮಾಡುತ್ತಾರೆ.

ಹಾಗಾದರೆ ಯಾವ ಅಳತೆಗೆ ಆಪರೇಷನ್? ಏರುವ ಭಾಗದಲ್ಲಿ ಬಹುಕಾಲದಿಂದ ಒಪ್ಪಿತವಾಗಿರುವ ಗೆರೆ 5.5 ಸೆಂಟಿಮೀಟರ್. ಮಾರ್ಫಾನ್ ಇರುವವರಿಗೆ 5 ಸೆಂಟಿಮೀಟರ್. 2022ರ ಅಮೆರಿಕದ ಮಾರ್ಗಸೂಚಿಯು, ಈ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಕೇಂದ್ರಗಳಲ್ಲಿ ಇತರರಿಗೂ 5 ಸೆಂಟಿಮೀಟರ್‌ಗೇ ಯೋಚಿಸಬಹುದು ಎಂದಿದೆ. ಅಳತೆ ಗೆರೆ ಮುಟ್ಟದಿದ್ದರೂ ಒಂದೇ ವರ್ಷದಲ್ಲಿ ಅರ್ಧ ಸೆಂಟಿಮೀಟರ್ ಬೆಳೆದಿದ್ದರೆ ಕಾಯುವುದಿಲ್ಲ. ಊತದಿಂದಲೇ ನೋವು ಬರುತ್ತಿದ್ದರೆ ಅಳತೆಯನ್ನು ಲೆಕ್ಕಿಸುವುದೂ ಇಲ್ಲ. ಇಲ್ಲೊಂದು ಸಂಗತಿ ನಮ್ಮವರಿಗೆ ಬಹಳ ಮುಖ್ಯವೆಂದು ನನಗೆ ತೋರುತ್ತದೆ. ಆರಡಿ ಎತ್ತರದವರಿಗೂ ಐದಡಿಗಿಂತ ಕಡಿಮೆ ಇರುವವರಿಗೂ ಒಂದೇ ಗೆರೆ ಹಾಕುವುದು ಸರಿಯಲ್ಲ. ಅದಕ್ಕಾಗಿ, ನಾಳದ ಅಡ್ಡಕೊಯ್ತದ ವಿಸ್ತೀರ್ಣವನ್ನು ಚದರ ಸೆಂಟಿಮೀಟರ್‌ನಲ್ಲಿ ತೆಗೆದು, ವ್ಯಕ್ತಿಯ ಎತ್ತರವನ್ನು ಮೀಟರ್‌ನಲ್ಲಿ ತೆಗೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತಾರೆ. ಫಲ 10 ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. 1.75 ಮೀಟರ್ ಎತ್ತರದವರಲ್ಲಿ ಇದು ಸುಮಾರು 4.7 ಸೆಂಟಿಮೀಟರ್ ವ್ಯಾಸಕ್ಕೆ ಬಂದರೆ, 1.47 ಮೀಟರ್ ಎತ್ತರದ ಹೆಣ್ಣುಮಗಳಲ್ಲಿ ಸುಮಾರು 4.3 ಸೆಂಟಿಮೀಟರ್‌ಗೇ ಬಂದುಬಿಡುತ್ತದೆ. ಈ ಒಂದೇ ಲೆಕ್ಕದ ಮೇಲೆ ಯಾರೂ ಎದೆ ತೆರೆಯುವುದಿಲ್ಲ. ಆದರೂ ಗಿಡ್ಡ ದೇಹದವರ ವರದಿಯಲ್ಲಿ 4.5 ಎಂದು ಕಂಡಾಗ ‘ಇನ್ನೂ ಚಿಕ್ಕದು’ ಎಂದು ಸುಮ್ಮನಾಗದೆ, ತಮ್ಮ ಎತ್ತರಕ್ಕೆ ಹೋಲಿಸಿದರೆ ಏನಾಗುತ್ತದೆ ಎಂದು ವೈದ್ಯರನ್ನು ಕೇಳುವುದು ರೋಗಿಯ ಹಕ್ಕು.

ಗೆರೆ ದಾಟಿಯೂ ಕಾದರೆ ಆಗುವ ಅನಾಹುತ ಎರಡು ಬಗೆಯದು. ನಾಳ ನೇರವಾಗಿ ಒಡೆದರೆ ಬಹುತೇಕರು ಆಸ್ಪತ್ರೆಯನ್ನು ತಲುಪುವುದೇ ಇಲ್ಲ. ಇನ್ನೊಂದು, ಒಳಪದರ ಹರಿದು ರಕ್ತವು ಪದರಗಳ ನಡುವೆ ನುಗ್ಗಿ ಗೋಡೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗುವುದು. ಏರುವ ಭಾಗದಲ್ಲಿ ಈ ಸೀಳು ಆದಾಗ, ಚಿಕಿತ್ಸೆಯಿಲ್ಲದಿದ್ದರೆ ಮೊದಲ 48 ಗಂಟೆಗಳಲ್ಲಿ ಪ್ರತಿ ಗಂಟೆಗೂ ನೂರರಲ್ಲಿ ಒಬ್ಬರಿಂದ ಇಬ್ಬರು ತೀರಿಕೊಳ್ಳುತ್ತಾರೆ ಎಂಬುದು ವೈದ್ಯರು ಬಹುಕಾಲದಿಂದ ಇಟ್ಟುಕೊಂಡಿರುವ ಲೆಕ್ಕ. ನೋವು ಒಮ್ಮೆಲೇ, ಮೊದಲ ಕ್ಷಣದಿಂದಲೇ ತೀವ್ರವಾಗಿ, ಎದೆಯಿಂದ ಬೆನ್ನಿಗೆ ಹರಿದಂತೆ ಬರುತ್ತದೆ. ಇದು ಹೃದಯಾಘಾತವೆಂದು ತಪ್ಪಾಗಿ ತಿಳಿಯುವ ಸಾಧ್ಯತೆ ಇದೆ. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ, ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು ಹೃದಯಾಘಾತವಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ದೂರದ ಊರುಗಳವರ ಪಾಲಿಗೆ ಅದು ದೊಡ್ಡ ವರ. ಆದರೆ ಮಹಾಪಧಮನಿ ಸೀಳಿದವರಿಗೆ ಅದೇ ಮದ್ದು ಪ್ರಾಣಕ್ಕೆ ಅಪಾಯ. ಆದ್ದರಿಂದ ಎರಡೂ ತೋಳುಗಳಲ್ಲಿ ಬಿ.ಪಿ. ನೋಡುವುದು, ಕೈಕಾಲುಗಳ ನಾಡಿ ಮುಟ್ಟಿ ಹೋಲಿಸುವುದು, ನೋವಿನ ಬಗೆಯನ್ನು ಕೇಳುವುದು ಬಹಳ ಬೆಲೆಬಾಳುವ ಕೆಲಸ. ಮನೆಯವರು ಕೂಡ ‘ಇವರಿಗೆ ಮಹಾಪಧಮನಿ ಊದಿದೆ ಎಂದು ಮುಂಚೆಯೇ ಹೇಳಿದ್ದಾರೆ’ ಎಂಬ ಮಾತನ್ನು ಮೊದಲೇ ಹೇಳಿ ಹಳೆಯ ವರದಿಯನ್ನು ತೋರಿಸಿದರೆ ಅದು ಜೀವ ಉಳಿಸಬಲ್ಲದು.

ಯೋಜಿಸಿ ಮಾಡಿದ ಏರುಭಾಗದ ಶಸ್ತ್ರಚಿಕಿತ್ಸೆಯಲ್ಲಿ ನುರಿತ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ ಎರಡರಿಂದ ಐದರ ಆಸುಪಾಸು. ಸೀಳಿದ ಮೇಲೆ ತುರ್ತಾಗಿ ಮಾಡಿದರೆ ಅದು ನೂರಕ್ಕೆ ಹದಿನೈದರಿಂದ ಇಪ್ಪತ್ತೈದರವರೆಗೆ ಏರುತ್ತದೆ. ಶಸ್ತ್ರವೈದ್ಯರು, ಕೊಳವೆ, ಯಂತ್ರ ಎಲ್ಲವೂ ಒಂದೇ ಆಗಿದ್ದರೂ ಇಷ್ಟು ಅಂತರ ಬರುವುದು ಸಮಯದಿಂದ. ಚಿಕ್ಕಬಳ್ಳಾಪುರದಿಂದ ಬೆಂಗಳೂರು ಸುಮಾರು 60 ಕಿ.ಮೀ., ಕೋಲಾರ ಮತ್ತು ತುಮಕೂರಿನಿಂದ ಸುಮಾರು 70 ಕಿ.ಮೀ., ಪಾವಗಡದಿಂದ 150 ಕಿ.ಮೀ.ಗೂ ಹೆಚ್ಚು, ನೋವು ಬಂದ ಮೇಲೆ ಆ ದಾರಿಯಲ್ಲಿ ಕಳೆಯುವ ಗಂಟೆಗಳ ಅರ್ಥ ಈ ಅಂಕಿಗಳಲ್ಲಿದೆ. ನೋವಿಲ್ಲದವರಿಗೆ ಆಪರೇಷನ್ ಏಕೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ನೋವು ಬರುವ ಮುಂಚಿನ ಕಾಲವೇ ಈ ಶಸ್ತ್ರಚಿಕಿತ್ಸೆಗೆ ಸರಿಯಾದ ಕಾಲ.

ಇನ್ನು ಬಟ್ಟೆಯ ಮಾತು. ಕೃತಕ ಕೊಳವೆ ಇಲ್ಲದಿದ್ದ ಕಾಲದಲ್ಲಿ ಊದಿದ ನಾಳಕ್ಕೆ ಹೊರಗಿನಿಂದ ಏನನ್ನಾದರೂ ಸುತ್ತಿ ಬಿಗಿ ಮಾಡುವ ಪ್ರಯತ್ನಗಳು ನಡೆದಿದ್ದವು. ಹೊಟ್ಟೆಯೊಳಗಿನ ಮಹಾಪಧಮನಿ ಊದಿದ್ದ ಆಲ್ಬರ್ಟ್ ಐನ್‌ಸ್ಟೀನ್ ಅವರಿಗೆ 1948ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಸೆಲ್ಲೋಫೇನ್ ಹಾಳೆ ಸುತ್ತಿದರು. ಐನ್‌ಸ್ಟೀನ್ ಆಮೇಲೆ ಆರು ವರ್ಷಕ್ಕೂ ಹೆಚ್ಚು ಬದುಕಿದ್ದು, 1955ರಲ್ಲಿ ಅದೇ ನಾಳ ಒಡೆದು ತೀರಿಕೊಂಡರು. 1951ರಲ್ಲಿ ಪ್ಯಾರಿಸ್‌ನ ಶಾರ್ಲ್ ದ್ಯುಬೊಸ್ತ್ ಹೊಟ್ಟೆಯ ಭಾಗದ ಊತವನ್ನು ಕತ್ತರಿಸಿ ತೆಗೆದು ಮೃತ ವ್ಯಕ್ತಿಯ ನಾಳವನ್ನು ಹೊಲಿದರು. ಆದರೆ ಮೃತರ ನಾಳಗಳು ಬೇಕೆಂದಾಗ ಸಿಗುತ್ತಿರಲಿಲ್ಲ, ಸಿಕ್ಕಿದವೂ ವರ್ಷಗಳು ಕಳೆದಂತೆ ಶಿಥಿಲವಾಗುತ್ತಿದ್ದವು.

ದಾರಿ ತೋರಿಸಿದ್ದು ಒಂದು ರೇಷ್ಮೆ ಎಳೆ. 1947ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಆರ್ಥರ್ ವೂರ್ಹೀಸ್, ಹೃದಯದ ಕೋಣೆಯೊಳಗೆ ಉಳಿದುಹೋಗಿದ್ದ ರೇಷ್ಮೆ ಹೊಲಿಗೆಯೊಂದರ ಮೇಲೆ ತಿಂಗಳುಗಳ ನಂತರ ಹೊಳೆಯುವ ತೆಳು ಪೊರೆ ಬೆಳೆದಿರುವುದನ್ನು ಕಂಡರು. ಒಂದು ಎಳೆಯನ್ನು ದೇಹ ಹೀಗೆ ತನ್ನದಾಗಿಸಿಕೊಳ್ಳುವುದಾದರೆ, ಎಳೆಗಳಿಂದ ನೇಯ್ದ ಬಟ್ಟೆಯ ಕೊಳವೆಯನ್ನೂ ಏಕೆ ಒಪ್ಪಿಕೊಳ್ಳಬಾರದು ಎಂದು ಅವರು ಯೋಚಿಸಿದರು. ಮೊದಲು ರೇಷ್ಮೆ ಕರವಸ್ತ್ರದಿಂದ ಮಾಡಿದ ಕೊಳವೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆಮೇಲೆ ಪ್ಯಾರಾಶೂಟಿಗೆ ಬಳಸುವ ವಿನ್ಯಾನ್ ಎನ್ ಎಂಬ ಕೃತಕ ಬಟ್ಟೆಯಿಂದ ಕೊಳವೆ ಮಾಡಿ, 1952ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದ ಬಿಚ್ಚಾಣಿಕೆದಾರರ ಕೈಯಲ್ಲಿ ದಿನವೂ ಹರಿಯುವಂಥ ಎಳೆಯೇ ಈ ವಿದ್ಯೆಗೆ ಮೊದಲ ಸುಳಿವು ಕೊಟ್ಟಿತೆಂಬುದನ್ನು ನಮ್ಮ ಜಿಲ್ಲೆಯ ಮಕ್ಕಳು ತಿಳಿದಿರಬೇಕೆಂದು ನನಗೆ ಆಸೆ.

ಅಮೆರಿಕದ ಹ್ಯೂಸ್ಟನ್‌ನ ಶಸ್ತ್ರವೈದ್ಯ ಮೈಕಲ್ ಡಿಬೇಕಿ ಇಂಥದೇ ಕೊಳವೆಗಾಗಿ ನೈಲಾನ್ ಬಟ್ಟೆ ತರಲು ಅಂಗಡಿಗೆ ಹೋದಾಗ ಅದು ಮುಗಿದುಹೋಗಿತ್ತು. ಅಂಗಡಿಯವರು ಡೆಕ್ರಾನ್ ಎಂಬ ಹೊಸ ಬಟ್ಟೆಯನ್ನು ಕೊಟ್ಟರು. ತಾಯಿಯಿಂದ ಹೊಲಿಗೆ ಕಲಿತಿದ್ದ ಅವರು ಮನೆಯ ಹೊಲಿಗೆ ಯಂತ್ರದಲ್ಲೇ ಕೊಳವೆಗಳನ್ನು ಹೊಲಿದು ಪರೀಕ್ಷಿಸಿ, 1954ರಲ್ಲಿ ರೋಗಿಗಳಲ್ಲಿ ಬಳಸತೊಡಗಿದರು. ನೈಲಾನ್ ದೇಹದೊಳಗೆ ಬಲ ಕಳೆದುಕೊಳ್ಳುತ್ತದೆ, ಡೆಕ್ರಾನ್ ಉಳಿಯುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು. 2005ರ ಕೊನೆಯ ದಿನ ಸ್ವತಃ ಡಿಬೇಕಿಯವರ ಮಹಾಪಧಮನಿ ಸೀಳಿತು. 2006ರ ಫೆಬ್ರುವರಿಯಲ್ಲಿ, 97ನೇ ವಯಸ್ಸಿನಲ್ಲಿ, ಅವರ ಸಹೋದ್ಯೋಗಿಗಳು ಡೆಕ್ರಾನ್ ಕೊಳವೆ ಹೊಲಿದು ಅವರನ್ನು ಉಳಿಸಿದರು. ಅವರು 2008ರವರೆಗೆ ಬದುಕಿದ್ದರು.

ಡೆಕ್ರಾನ್ ಎಂದರೆ ಪಾಲಿಯೆಸ್ಟರ್, ರಾಸಾಯನಿಕವಾಗಿ ನೀರಿನ ಬಾಟಲಿಯ ಪ್ಲಾಸ್ಟಿಕ್ ಕೂಡ ಅದೇ. ಎದೆಯೊಳಗೆ ಬಳಸುವ ಕೊಳವೆಯನ್ನು ಹಾಸು-ಹೊಕ್ಕು ಬಿಗಿಯಾಗಿ ನೇಯ್ದಿರುತ್ತಾರೆ, ಏಕೆಂದರೆ ಹೆಣೆದ ಬಟ್ಟೆಗಿಂತ ನೇಯ್ದ ಬಟ್ಟೆ ಕಡಿಮೆ ಸೋರುತ್ತದೆ, ಕಡಿಮೆ ಹಿಗ್ಗುತ್ತದೆ. ಬಾಗಿಸಿದಾಗ ಮಡಿಸಿಕೊಂಡು ದಾರಿ ಕಟ್ಟದಿರಲೆಂದು ಉದ್ದಕ್ಕೂ ಸಣ್ಣ ನಿರಿಗೆಗಳಿರುತ್ತವೆ. ಹಿಂದೆ ರೋಗಿಯದೇ ರಕ್ತದಲ್ಲಿ ಕೊಳವೆಯನ್ನು ನೆನೆಸಿ, ಹೆಪ್ಪುಗಟ್ಟಿಸಿ, ರಂಧ್ರ ಮುಚ್ಚಿಕೊಂಡು ಆಮೇಲೆ ಹೊಲಿಯುತ್ತಿದ್ದರು. ಈಗ ಕಾರ್ಖಾನೆಯಲ್ಲೇ ಜೆಲಟಿನ್ ಅಥವಾ ಕೊಲಾಜನ್ ಲೇಪಿಸಿರುತ್ತಾರೆ. ಆ ಲೇಪ ವಾರಗಳಲ್ಲಿ ಕರಗುವ ಹೊತ್ತಿಗೆ ದೇಹದ ಅಂಗಾಂಶ ಎಳೆಗಳ ನಡುವೆ ತುಂಬಿಕೊಂಡಿರುತ್ತದೆ. ಮನುಷ್ಯರಲ್ಲಿ ನಾಳದ ನಿಜವಾದ ಒಳಪೊರೆ ಹೊಲಿಗೆಯ ಅಂಚಿನಿಂದ ಒಂದೆರಡು ಸೆಂಟಿಮೀಟರ್ ಮಾತ್ರ ಒಳಗೆ ಬೆಳೆಯುತ್ತದೆ, ಉಳಿದ ಉದ್ದಕ್ಕೆ ಫೈಬ್ರಿನ್‌ನ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ನಯವಾದ ಪದರ ಕೂರುತ್ತದೆ. ಇಷ್ಟು ಅಗಲವಾದ ಕೊಳವೆಯಲ್ಲಿ ರಕ್ತ ರಭಸದಿಂದ ಹರಿಯುವುದರಿಂದ ಹೆಪ್ಪುಗಟ್ಟಿ ಮುಚ್ಚಿಹೋಗುವ ಭಯ ಬಹಳ ಕಡಿಮೆ.

ಏರುವ ಭಾಗದ ಶಸ್ತ್ರಚಿಕಿತ್ಸೆಯಲ್ಲಿ ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಕೊಯ್ದು ಹೃದಯವನ್ನು ತಲುಪುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ರಕ್ತವನ್ನು ಹೃದಯ-ಶ್ವಾಸಕೋಶ ಯಂತ್ರದ ಮೂಲಕ ಹರಿಸುತ್ತಾರೆ. ಊದಿದ ಭಾಗದಾಚೆ ನಾಳವನ್ನು ಇಕ್ಕಳದಿಂದ ಮುಚ್ಚಿ, ಪೊಟ್ಯಾಸಿಯಂ ಹೆಚ್ಚಿರುವ ತಣ್ಣನೆಯ ದ್ರವವನ್ನು ಕೊರೊನರಿ ನಾಳಗಳಿಗೆ ಹಾಯಿಸಿ ಹೃದಯವನ್ನು ನಿಲ್ಲಿಸುತ್ತಾರೆ. ಆಮೇಲೆ ಊದಿದ ಭಾಗವನ್ನು ತೆಗೆದು, ಸರಿಯಾದ ಅಳತೆಯ ಕೊಳವೆಯ ಎರಡೂ ತುದಿಗಳನ್ನು ಪಾಲಿಪ್ರೊಪಿಲೀನ್ ದಾರದಿಂದ ಸುತ್ತಲೂ ಹೊಲಿಯುತ್ತಾರೆ. ಕಾಯಿಲೆಯ ನಾಳ ಮೆತ್ತಗಿದ್ದು ದಾರ ಕೊಯ್ದುಕೊಂಡು ಬರುವ ಸಂಭವವಿದ್ದರೆ ಟೆಫ್ಲಾನ್ ಫೆಲ್ಟ್ ಪಟ್ಟಿಯನ್ನು ಒತ್ತು ಕೊಟ್ಟು ಅದರ ಮೇಲೆ ಹೊಲಿಗೆ ಹಾಕುತ್ತಾರೆ. ಇಡೀ ಆಪರೇಷನ್ನಿನ ಭದ್ರತೆ ಈ ಎರಡು ಸುತ್ತಿನ ಹೊಲಿಗೆಗಳಲ್ಲಿದೆ. ಕೊಳವೆ ಸ್ವತಃ ಹರಿಯುವುದು ಅತಿ ಅಪರೂಪ. ರಕ್ತ ಸೋರಿದರೆ ಅದು ಸೋರುವುದು ಬಟ್ಟೆ ಮತ್ತು ನಾಳ ಕೂಡುವ ಅಂಚಿನಲ್ಲಿ.

ನಾಳದ ಬುಡವೇ ಊದಿ ಕವಾಟವೂ ಕೆಟ್ಟಿದ್ದರೆ ಕೆಲಸ ಇನ್ನೂ ಸೂಕ್ಷ್ಮವಾಗುತ್ತದೆ. 1968ರಲ್ಲಿ ಲಂಡನ್ನಿನ ಹ್ಯೂ ಬೆಂಟಾಲ್ ಮತ್ತು ಆಂಟನಿ ಡಿ ಬೋನೊ, ಒಂದು ತುದಿಗೆ ಕೃತಕ ಕವಾಟವನ್ನು ಸೇರಿಸಿದ ಕೊಳವೆಯನ್ನು ಬುಡಕ್ಕೆ ಹೊಲಿದು, ಅದರ ಪಕ್ಕದಲ್ಲಿ ರಂಧ್ರ ಮಾಡಿ ಎರಡೂ ಕೊರೊನರಿ ನಾಳಗಳನ್ನು ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಅದು ಬೆಂಟಾಲ್ ಆಪರೇಷನ್ ಎಂದೇ ಹೆಸರಾಗಿದೆ. ಈಗ ಕೊರೊನರಿ ನಾಳದ ಬಾಯಿಯನ್ನು ಸುತ್ತಲಿನ ಗೋಡೆಯೊಂದಿಗೆ ಗುಂಡಿಯಾಕಾರದಲ್ಲಿ ಕತ್ತರಿಸಿ ಕೊಳವೆಗೆ ಹೊಲಿಯುತ್ತಾರೆ. ಲೋಹದ ಕವಾಟ ಹಾಕಿದರೆ ಜೀವನವಿಡೀ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ತೆಗೆದುಕೊಂಡು, ರಕ್ತ ಹೆಪ್ಪುಗಟ್ಟುವ ವೇಗವನ್ನು ಅಳೆಯುವ ಐ.ಎನ್.ಆರ್. ಪರೀಕ್ಷೆ ಮಾಡಿಸುತ್ತಿರಬೇಕು. ಪ್ರಾಣಿಜನ್ಯ ಕವಾಟಕ್ಕೆ ಆ ಕಾಟವಿಲ್ಲ, ಆದರೆ ಅದು ವರ್ಷಗಳ ನಂತರ ಸವೆಯುತ್ತದೆ. ಎಸಳುಗಳು ಚೆನ್ನಾಗಿದ್ದರೆ ಅವನ್ನು ಉಳಿಸಿಕೊಂಡು ಸುತ್ತಲಿನ ನಾಳವನ್ನಷ್ಟೇ ಬದಲಿಸುವ, ಟೊರಾಂಟೊದ ಟೈರೋನ್ ಡೇವಿಡ್ ರೂಪಿಸಿದ ವಿಧಾನವಿದೆ. ಐ.ಎನ್.ಆರ್. ಪರೀಕ್ಷೆಗೆ ಬಾಗೇಪಲ್ಲಿಯ ಹಳ್ಳಿಯಿಂದ ಬಸ್ಸು ಹಿಡಿದು ಬರಬೇಕಾದ ತರುಣನಿಗೆ ಅಥವಾ ಮುಂದೆ ಮಕ್ಕಳನ್ನು ಹೆರಬೇಕಾದ ಹೆಣ್ಣುಮಗಳಿಗೆ ಈ ಆಯ್ಕೆ ಸಾಧ್ಯವೇ ಎಂದು ಕೇಳುವುದನ್ನು ಮರೆಯಬಾರದು.

ಕಮಾನಿನ ಭಾಗಕ್ಕೆ ಬಂದರೆ ತೊಡಕು ಬೇರೆ: ಅಲ್ಲಿ ಹೊಲಿಯಬೇಕಾದರೆ ಮೆದುಳಿನ ರಕ್ತಸಂಚಾರಕ್ಕೆ ಅಡ್ಡ ಬರಲೇಬೇಕು. 1975ರಲ್ಲಿ ರ್‍ಯಾಂಡಲ್ ಗ್ರಿಪ್ ದೇಹವನ್ನು ಆಳವಾಗಿ ತಂಪುಗೊಳಿಸಿ, ಸಂಚಾರವನ್ನು ಪೂರ್ತಿ ನಿಲ್ಲಿಸಿ ಕಮಾನನ್ನು ಬದಲಿಸುವ ಕ್ರಮವನ್ನು ವರದಿ ಮಾಡಿದರು. ತಂಪಾದ ಮೆದುಳು ಕಡಿಮೆ ಆಮ್ಲಜನಕ ಬೇಡುತ್ತದೆ. 18ರಿಂದ 20 ಡಿಗ್ರಿಗೆ ಇಳಿಸಿದಾಗ ಸುಮಾರು ಅರ್ಧ ಗಂಟೆಯ ಅವಕಾಶ ಸಿಗುತ್ತದೆ. ಈಗ ಬಲ ತೋಳಿನ ಬುಡದ ನಾಳದ ಮೂಲಕ ಮೆದುಳಿಗೆ ಮಾತ್ರ ಪ್ರತ್ಯೇಕವಾಗಿ ತಂಪಾದ ರಕ್ತ ಹರಿಸುತ್ತ, ದೇಹವನ್ನು 24ರಿಂದ 28 ಡಿಗ್ರಿಗಷ್ಟೇ ಇಳಿಸುವುದು ಹೆಚ್ಚು ಬಳಕೆಯಲ್ಲಿದೆ. ಇಷ್ಟಾದರೂ ಪಾರ್ಶ್ವವಾಯುವಿನ ಅಪಾಯ ಪೂರ್ತಿ ಹೋಗುವುದಿಲ್ಲ.

ಇಳಿಯುವ ಭಾಗದಲ್ಲಿ ಎಡ ಪಕ್ಕೆಯಿಂದ ಎದೆಯನ್ನು ತೆರೆಯುತ್ತಾರೆ, ಎಡ ಶ್ವಾಸಕೋಶವನ್ನು ತಾತ್ಕಾಲಿಕವಾಗಿ ಕುಗ್ಗಿಸುತ್ತಾರೆ. ಇಲ್ಲಿ ಎಲ್ಲರೂ ಹೆದರುವುದು ಕಾಲುಗಳ ಶಕ್ತಿ ಹೋಗುವುದಕ್ಕೆ. ಬೆನ್ನುಹುರಿಗೆ ರಕ್ತ ಕೊಡುವ ಮುಖ್ಯ ಕವಲೊಂದು ಎದೆಯ ಕೆಳಭಾಗದ ಕಶೇರುಗಳ ಮಟ್ಟದಲ್ಲಿ ಹೊರಡುತ್ತದೆ. ಊದಿದ ಭಾಗದೊಂದಿಗೆ ಅದೂ ಕತ್ತರಿಸಿ ಹೋದರೆ ಹುರಿ ಸೊರಗುತ್ತದೆ. ಅದಕ್ಕಾಗಿ ಕೆಳದೇಹಕ್ಕೆ ಪಂಪಿನಿಂದ ರಕ್ತ ಹರಿಸುತ್ತಿರುತ್ತಾರೆ, ದೊಡ್ಡ ಕವಲುಗಳನ್ನು ಹುಡುಕಿ ಕೊಳವೆಗೆ ಮರುಜೋಡಿಸುತ್ತಾರೆ, ಸೊಂಟದ ಬಳಿ ಸಣ್ಣ ನಳಿಕೆಯಿಟ್ಟು ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸ್ವಲ್ಪ ಸ್ವಲ್ಪವೇ ತೆಗೆದು ಒತ್ತಡ ತಗ್ಗಿಸುತ್ತಾರೆ. ಆಪರೇಷನ್ ಆದ ಮೇಲೆ ಒಂದೆರಡು ದಿನ ಬಿ.ಪಿ.ಯನ್ನು ಬೇಕೆಂದೇ ಕೊಂಚ ಹೆಚ್ಚಿಗೆ ಇಡುವುದುಂಟು. ಐ.ಸಿ.ಯು.ನಲ್ಲಿ ಗಂಟೆಗಂಟೆಗೆ ‘ಕಾಲು ಎತ್ತಿ’ ಎಂದು ಹೇಳಿಸುವುದು ಈ ಕಾರಣಕ್ಕೆ. ಬಲ ಕುಗ್ಗಿದ್ದು ಆಗಲೇ ಗೊತ್ತಾದರೆ ಬಿ.ಪಿ. ಏರಿಸಿ, ದ್ರವ ತೆಗೆದು ಹಲವರಲ್ಲಿ ಮತ್ತೆ ಬಲ ಬರಿಸಲು ಸಾಧ್ಯ.

ಇಳಿಯುವ ಭಾಗಕ್ಕೆ ಈಗ ಎದೆ ತೆರೆಯದ ಮಾರ್ಗವೂ ಇದೆ. 1987ರಲ್ಲಿ ಉಕ್ರೇನಿನ ಖಾರ್ಕಿವ್‌ನ ಮಿಕೊಲಾ ವೊಲೊಡೊಸ್ ಮೊದಲ ಬಾರಿಗೆ ಲೋಹದ ಜಾಲರಿ ಇರುವ ಬಟ್ಟೆಯ ಕೊಳವೆಯನ್ನು ತೊಡೆಯ ನಾಳದ ಮೂಲಕ ಒಯ್ದು ಎದೆಯೊಳಗಿನ ಮಹಾಪಧಮನಿಯಲ್ಲಿ ಅರಳಿಸಿದರು. ಈ ಕೊಳವೆ ಹಿಡಿದುಕೊಳ್ಳಲು ಊತದ ಎರಡೂ ಕಡೆ ಸುಮಾರು 2 ಸೆಂಟಿಮೀಟರ್ ಆರೋಗ್ಯವಂತ ನಾಳ ಬೇಕು. ನೋವು ಕಡಿಮೆ, ಚೇತರಿಕೆ ಬೇಗ, ವಯಸ್ಸಾದವರಿಗೆ ಹೆಚ್ಚು ಒಪ್ಪುತ್ತದೆ. ಆದರೆ ಊದಿದ ಗೋಡೆ ಒಳಗೇ ಉಳಿಯುವುದರಿಂದ ಅಂಚಿನಲ್ಲಿ ರಕ್ತ ನುಸುಳುತ್ತಿದೆಯೇ ಎಂದು ವರ್ಷವರ್ಷವೂ ಸಿ.ಟಿ. ಮಾಡಿಸಿ ನೋಡುತ್ತಿರಬೇಕು. ಮಾರ್ಫಾನ್‌ನಂಥ ತೊಂದರೆಯಲ್ಲಿ ಹಿಡಿತಕ್ಕೆ ಸಿಗುವ ಗೋಡೆಯೇ ದುರ್ಬಲವಾದ್ದರಿಂದ ತೆರೆದ ಶಸ್ತ್ರಚಿಕಿತ್ಸೆಗೇ ಮೊದಲ ಆದ್ಯತೆ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ಯೋಜಿತ ಶಸ್ತ್ರಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ತರಬೇಕಾಗುತ್ತದೆ. ಬೆಂಗಳೂರಿಗೆ ಹೊರಡುವ ಮುಂಚೆಯೇ ಜಿಲ್ಲಾಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯಮಿತ್ರರ ಬಳಿ ಪತ್ರ, ರೇಷನ್ ಕಾರ್ಡ್, ಆಧಾರ್ ಎಲ್ಲವನ್ನೂ ಸರಿಪಡಿಸಿಕೊಂಡರೆ ಆಮೇಲಿನ ಅಲೆದಾಟ ತಪ್ಪುತ್ತದೆ. ಯಾವ ಕೊಳವೆ, ಯಾವ ಕವಾಟ ಪ್ಯಾಕೇಜಿನೊಳಗೆ ಬರುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಕೇಳಿ ತಿಳಿಯುವುದು ಒಳಿತು.

ಸಾಮಾನ್ಯವಾಗಿ ವಾರ, ಹತ್ತು ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ತಂತಿಯಿಂದ ಬಿಗಿದ ಎದೆಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಮೂರು ತಿಂಗಳು ನೀರಿನ ಬಿಂದಿಗೆ, ಹಿಪ್ಪುನೇರಳೆ ಸೊಪ್ಪಿನ ಹೊರೆ, ಹಾಲಿನ ಕ್ಯಾನು ಎತ್ತುವಂತಿಲ್ಲ. ಬಟ್ಟೆಯ ಕೊಳವೆ ಊದುವುದಿಲ್ಲ, ಆದರೆ ಅದರ ಆಚೆಗೂ ಈಚೆಗೂ ಇರುವುದು ಅದೇ ಹಳೆಯ ನಾಳ. ಆದ್ದರಿಂದ ಬಿ.ಪಿ.ಯನ್ನು 130/80ರ ಒಳಗೆ ಇಡುವ ಮಾತ್ರೆಗಳನ್ನು ‘ಆಪರೇಷನ್ ಆಯಿತಲ್ಲ’ ಎಂದು ನಿಲ್ಲಿಸಬಾರದು, ಬೀಡಿಯನ್ನು ಮತ್ತೆ ಮುಟ್ಟಬಾರದು. ಕೊಳವೆಗೆ ಸೋಂಕು ತಗುಲುವುದು ಕಡಿಮೆ, ತಗುಲಿದರೆ ಮಾತ್ರ ಬಹಳ ಕಠಿಣ, ಏಕೆಂದರೆ ಬಟ್ಟೆಯ ಎಳೆಗಳ ನಡುವೆ ಕುಳಿತ ರೋಗಾಣುವನ್ನು ಔಷಧಿ ಸುಲಭವಾಗಿ ತಲುಪುವುದಿಲ್ಲ. ಬಿಡದೆ ಬರುವ ಜ್ವರಕ್ಕೆ ಮೆಡಿಕಲ್ ಅಂಗಡಿಯ ಮಾತ್ರೆ ನುಂಗುತ್ತ ಕೂರದೆ ರಕ್ತದಲ್ಲಿ ರೋಗಾಣು ಇದೆಯೇ ಎಂದು ತಿಳಿಯುವ ಕಲ್ಚರ್ ಪರೀಕ್ಷೆ ಮಾಡಿಸಬೇಕು. ಕೃತಕ ಕವಾಟವಿರುವವರು ಹಲ್ಲು ಕೀಳಿಸುವ ಮುಂಚೆ ಆ್ಯಂಟಿಬಯೋಟಿಕ್ ತೆಗೆದುಕೊಳ್ಳಬೇಕು. ಆ್ಯಂಟಿಬಯೋಟಿಕ್‌ಗಳ ಪೈಕಿ ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಗುಂಪಿನವು ಮಹಾಪಧಮನಿ ಒಡೆಯುವ ಅಪಾಯವನ್ನು ಹೆಚ್ಚಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ. ಭೇದಿಗೂ ಉರಿಮೂತ್ರಕ್ಕೂ ನಮ್ಮಲ್ಲಿ ಧಾರಾಳವಾಗಿ ಕೊಡುವ ಮಾತ್ರೆಗಳಿವು. ಬೇರೆ ಮದ್ದು ಇರುವಾಗ ಇವುಗಳಿಂದ ದೂರವಿರುವುದು, ಊತವಿರುವವರಿಗೂ ಆಪರೇಷನ್ ಆದವರಿಗೂ ಒಂದೇ ರೀತಿ ಅನ್ವಯಿಸುತ್ತದೆ.

ಒಬ್ಬರಿಗೆ ಎದೆಯೊಳಗಿನ ಮಹಾಪಧಮನಿ ಊದಿದೆ ಎಂದು ತಿಳಿದಾಗ, ಅದರಲ್ಲೂ ವಯಸ್ಸು ಅರವತ್ತಕ್ಕಿಂತ ಕಡಿಮೆ ಇದ್ದಾಗ, ಅವರ ತಂದೆ-ತಾಯಿ, ಒಡಹುಟ್ಟಿದವರು ಮತ್ತು ಮಕ್ಕಳೆಲ್ಲ ಒಮ್ಮೆ ಎಕೋ ಮಾಡಿಸಬೇಕು. ಮಾರ್ಫಾನ್ ಇರುವ ಮನೆಯ ಹೆಣ್ಣುಮಕ್ಕಳು ಬಸಿರಾಗುವ ಮುಂಚೆಯೇ ಅಳತೆ ತಿಳಿದಿರಬೇಕು, ಏಕೆಂದರೆ ಬಸಿರಿನ ಕೊನೆಯ ತಿಂಗಳುಗಳಲ್ಲೂ ಬಾಣಂತನದ ಮೊದಲ ವಾರಗಳಲ್ಲೂ ನಾಳ ಸೀಳುವ ಅಪಾಯ ಹೆಚ್ಚು; ನಾಳದ ಬುಡ 4.5 ಸೆಂಟಿಮೀಟರ್ ದಾಟಿದ್ದರೆ ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ಬಸಿರು ಎಂದು ವೈದ್ಯರು ಸಲಹೆ ಮಾಡುವುದುಂಟು. ಈ ಎಕೋಗೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಪಟ್ಟಣಗಳಲ್ಲಿ ಆಗುತ್ತದೆ. ಮಾಡುವವರಿಗೆ ‘ಮಹಾಪಧಮನಿಯ ಬುಡ ಮತ್ತು ಏರುವ ಭಾಗದ ಅಳತೆಯನ್ನು ವರದಿಯಲ್ಲಿ ಬರೆದುಕೊಡಿ’ ಎಂದು ಬಾಯಿಬಿಟ್ಟು ಕೇಳಬೇಕು, ಮತ್ತು ಮುಂದಿನ ವರ್ಷದ ಅಳತೆಯನ್ನು ಹೋಲಿಸಲು ಆ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.